ಇಳಿವಯಸ್ಸಿನಲ್ಲಿ ಬಿಸಿಲಿನಿಂದ ಬರುವ ಚರ್ಮದ ಗೆಡ್ಡೆಗಳು: ಅನುಮಾನದಿಂದ ನಿರ್ಣಯದವರೆಗೆ

ಅರುವತ್ತು ದಾಟಿದವರ ಮುಖ, ಕಿವಿ, ಕೂದಲುದುರಿದ ನೆತ್ತಿ ಮತ್ತು ಮುಂಗೈಗಳ ಮೇಲೆ ಹೊಸ ಮಚ್ಚೆ, ಗಂಟು, ಒರಟು ಕಲೆಗಳು ಕಾಣಿಸಿಕೊಳ್ಳುವುದು ಸಾಮಾನ್ಯ. ಅವುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದವು. ಆದರೆ ಚರ್ಮದ ಕ್ಯಾನ್ಸರ್ ಕೂಡ ಇದೇ ವಯಸ್ಸಿನಲ್ಲಿ, ಇದೇ ಜಾಗಗಳಲ್ಲಿ, ಮೊದಮೊದಲು ಇಷ್ಟೇ ಸಾಧುವಾಗಿ ಕಾಣುತ್ತ ಶುರುವಾಗುತ್ತದೆ. ನೋವಿಲ್ಲ, ತುರಿಕೆಯಿಲ್ಲ ಎಂಬ ಕಾರಣಕ್ಕೆ "ವಯಸ್ಸಾಯಿತಲ್ಲ, ಇವೆಲ್ಲ ಇದ್ದದ್ದೇ" ಎಂದು ಅದನ್ನು ವರ್ಷಗಟ್ಟಲೆ ಹಾಗೇ ಬಿಟ್ಟವರು ಬಹಳ ಮಂದಿ. ಹಿರಿಯರಿಗೂ ಅವರ ಆರೈಕೆ ನೋಡಿಕೊಳ್ಳುವ ಮನೆಯವರಿಗೂ ಈ ಲೇಖನ ಉಪಯೋಗವಾಗಲಿ ಎಂಬುದು ನನ್ನ ಆಸೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಕಣ್ಣು ಅನುಮಾನ ಪಡಬಲ್ಲದು, ಆದರೆ ನಿರ್ಣಯ ಮಾಡುವುದು ಅಂಗಾಂಶದ ಪರೀಕ್ಷೆ. ಅನುಮಾನವಿರುವ ಗಂಟನ್ನು ಬಯಾಪ್ಸಿ (ಸಣ್ಣ ತುಂಡು ತೆಗೆದು ಪರೀಕ್ಷಿಸುವುದು) ಮಾಡಿಸದೆ ಸುಡಿಸುವುದು, ಲೇಸರ್ ಹಾಕಿಸುವುದು, ಮಚ್ಚೆ ಉದುರಿಸುವ ಮುಲಾಮು ಹಚ್ಚುವುದು ಇವೆಲ್ಲ ಸಾಕ್ಷ್ಯವನ್ನೇ ಅಳಿಸಿಹಾಕಿದ ಹಾಗೆ. ಮೇಲೆ ಚರ್ಮ ಮಾಗಿದರೂ ಅದರಡಿಯಲ್ಲಿ ಗೆಡ್ಡೆ ಬೆಳೆಯುತ್ತಲೇ ಇರಬಹುದು.

ಈ ಗೆಡ್ಡೆಗಳು ಇಳಿವಯಸ್ಸಿನಲ್ಲೇ ಹೆಚ್ಚಾಗಿ ಬರುವುದಕ್ಕೆ ಕಾರಣವಿದೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಚರ್ಮದ ಜೀವಕೋಶಗಳ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. 280ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಯುವಿ-ಬಿ ಕಿರಣಗಳು ಈ ಪೆಟ್ಟನ್ನು ನೇರವಾಗಿಯೇ ಕೊಟ್ಟರೆ, 315ರಿಂದ 400 ನ್ಯಾನೋಮೀಟರಿನ ಯುವಿ-ಎ ಕಿರಣಗಳು ಚರ್ಮದಲ್ಲಿ ಇನ್ನೂ ಆಳಕ್ಕೆ ಇಳಿದು ಬಹುಮಟ್ಟಿಗೆ ಪರೋಕ್ಷವಾಗಿ ಹಾನಿ ಮಾಡುತ್ತವೆ. ಕೋಶಗಳು ಈ ಹಾನಿಯನ್ನು ರಿಪೇರಿ ಮಾಡಿಕೊಳ್ಳುತ್ತಲೇ ಇರುತ್ತವೆಯಾದರೂ ಅಲ್ಲೊಂದು ಇಲ್ಲೊಂದು ದೋಷ ಉಳಿದುಬಿಡುತ್ತದೆ. ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪಿ53ನಂಥ ಜೀನುಗಳಲ್ಲಿ ಇಂಥ ದೋಷಗಳು ಹತ್ತಾರು ವರ್ಷ ಜಮೆಯಾಗುತ್ತ ಹೋದಾಗ, ಅದೇ ಹೊತ್ತಿಗೆ ರೋಗನಿರೋಧಕ ಶಕ್ತಿಯೂ ಕುಗ್ಗಿದಾಗ, ಗೆಡ್ಡೆ ತಲೆಯೆತ್ತುತ್ತದೆ. ಆದ್ದರಿಂದ "ಈಗ ನಾನು ಬಿಸಿಲಿಗೆ ಹೋಗುವುದೇ ಇಲ್ಲ" ಎಂಬ ಮಾತು ಎಪ್ಪತ್ತು ವರ್ಷದವರಿಗೆ ಪೂರ್ತಿ ರಕ್ಷಣೆಯಾಗುವುದಿಲ್ಲ. ಇಪ್ಪತ್ತು, ಮೂವತ್ತರ ವಯಸ್ಸಿನ ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1992ರಲ್ಲೇ ಸೂರ್ಯನ ವಿಕಿರಣವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಅಂಶಗಳ ಮೊದಲ ಗುಂಪಿಗೆ ಸೇರಿಸಿದೆ.

ಮೊದಲ ಹಂತ: ಹಿನ್ನೆಲೆಯನ್ನು ಬರೆದಿಟ್ಟುಕೊಳ್ಳುವುದು

ವೈದ್ಯರ ಬಳಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಕೆಲವು ವಿವರಗಳನ್ನು ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಗಂಟು ಅಥವಾ ಕಲೆ ಕಂಡದ್ದು ಯಾವಾಗ, ಅದು ಬೆಳೆದಿದೆಯೇ, ಎಷ್ಟು ವೇಗವಾಗಿ ಬೆಳೆದಿದೆ, ರಕ್ತ ಬರುತ್ತದೆಯೇ, ಹಕ್ಕಳೆ ಕಟ್ಟಿ ಉದುರಿ ಮತ್ತೆ ಕಟ್ಟುತ್ತದೆಯೇ, ನೋವು ಅಥವಾ ಜೋಮು ಇದೆಯೇ ಎಂಬುದು ಮುಖ್ಯ. ಜೋಮಿನ ಬಗ್ಗೆ ಯಾರೂ ತಾವಾಗಿ ಹೇಳುವುದಿಲ್ಲ. ಆದರೆ ಗಂಟಿನ ಸುತ್ತ ಸ್ಪರ್ಶ ಮಂದವಾಗಿದ್ದರೆ, ಇರುವೆ ಹರಿದಂತೆ ಆಗುತ್ತಿದ್ದರೆ ಗೆಡ್ಡೆ ನರದ ಗುಂಟ ಹರಡುತ್ತಿರುವ ಸಾಧ್ಯತೆಯನ್ನು ವೈದ್ಯರು ಯೋಚಿಸಬೇಕಾಗುತ್ತದೆ.

ಬಯಲಿನಲ್ಲಿ ದುಡಿದ ವರ್ಷಗಳು, ಹಿಂದೆ ತೆಗೆಸಿದ ಚರ್ಮದ ಗೆಡ್ಡೆಗಳು, ಆ ಜಾಗಕ್ಕೆ ಎಂದಾದರೂ ಆಗಿದ್ದ ರೇಡಿಯೇಷನ್ ಚಿಕಿತ್ಸೆ, ಹಳೆಯ ಸುಟ್ಟಗಾಯದ ಕಲೆ, ಕುಟುಂಬದಲ್ಲಿ ಯಾರಿಗಾದರೂ ಮೆಲನೋಮಾ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ಬಂದಿದ್ದರೆ ಅದು, ಇವೂ ಹಾಳೆಯಲ್ಲಿರಲಿ. ಔಷಧಿಗಳ ಪಟ್ಟಿಯನ್ನಂತೂ ಮರೆಯಬಾರದು. ಮೂತ್ರಪಿಂಡ ಅಥವಾ ಹೃದಯದ ಕಸಿಯಾದವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವುದರಿಂದ ಅವರಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚು, ಮತ್ತು ಅದು ಉಗ್ರವಾಗಿಯೂ ವರ್ತಿಸುತ್ತದೆ. ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸಿದವರಲ್ಲಿ ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರುಗಳ ಅಪಾಯ ಹೆಚ್ಚಬಹುದೆಂದು ಯುರೋಪಿನ ಔಷಧ ನಿಯಂತ್ರಕರು 2018ರಲ್ಲಿ ಎಚ್ಚರಿಸಿದ್ದಾರೆ. ಹಾಗೆಂದು ಆ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು, ಅಷ್ಟೇ.

ಎರಡನೆಯ ಹಂತ: ಇಡೀ ಚರ್ಮವನ್ನು ನೋಡುವುದು

ಹಿರಿಯರು ತಮ್ಮ ಚರ್ಮದ ದೊಡ್ಡ ಭಾಗವನ್ನು ತಾವೇ ನೋಡಿಕೊಳ್ಳಲಾರರು. ಬೆನ್ನು, ನೆತ್ತಿ, ಕಿವಿಯ ಹಿಂಬದಿ, ಮೀನಖಂಡದ ಹಿಂಭಾಗ ಅವರ ಕಣ್ಣಿಗೆ ಬೀಳುವುದಿಲ್ಲ. ದೃಷ್ಟಿ ಮಂದವಾಗಿದ್ದರೆ ಎದುರಿಗಿರುವ ಮೂಗಿನ ಮೇಲಿನ ಗುಳ್ಳೆಯೂ ಕಾಣುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಜೊತೆಗೊಬ್ಬರು ಬೇಕು. ತಿಂಗಳಿಗೊಮ್ಮೆ, ಸ್ನಾನವಾದ ಮೇಲೆ, ಕಿಟಕಿಯ ಬೆಳಕಿನಲ್ಲಿ ನೋಡುವುದು ಒಳ್ಳೆಯ ರೂಢಿ. ಕನ್ನಡಕ, ಶ್ರವಣಯಂತ್ರ, ಟೋಪಿಗಳನ್ನು ತೆಗೆದಿಟ್ಟು, ಹಚ್ಚಿದ ಪೌಡರ್, ಕ್ರೀಮುಗಳನ್ನು ಒರೆಸಿಕೊಂಡು ಶುರುಮಾಡಬೇಕು.

ನೆತ್ತಿಯಿಂದ ಆರಂಭಿಸಿ, ಕೂದಲನ್ನು ಬಾಚಣಿಗೆಯಿಂದ ಸಾಲುಸಾಲಾಗಿ ಬಿಡಿಸಿ ನೋಡಿ. ಬಳಿಕ ಹಣೆ, ರೆಪ್ಪೆಗಳು, ಮೂಗಿನ ಬುಡಕ್ಕೆ ಹತ್ತಿರದ ಕಣ್ಣಿನ ಒಳಮೂಲೆ, ಮೂಗಿನ ಹೊಳ್ಳೆಯ ಪಕ್ಕದ ಮಡಿಕೆ, ಕಿವಿಯ ಅಂಚು ಮತ್ತು ಹಿಂಬದಿ, ತುಟಿಗಳು, ಕತ್ತು, ಎದೆಯ ಮೇಲ್ಭಾಗ, ಬೆನ್ನು, ಮುಂಗೈ, ಹಸ್ತದ ಹಿಂಬದಿ, ಮೊಣಕಾಲಿನ ಕೆಳಭಾಗ ಹೀಗೆ ಇಳಿದುಬನ್ನಿ. ಅಂಗಾಲು, ಅಂಗೈ, ಉಗುರುಗಳನ್ನೂ ನೋಡಿ: ಅಲ್ಲಿ ಬರುವ ಮೆಲನೋಮಾಕ್ಕೂ ಬಿಸಿಲಿಗೂ ಸಂಬಂಧವಿಲ್ಲವಾದರೂ, ಕಪ್ಪು ಮೈಬಣ್ಣದವರಲ್ಲಿ ಮೆಲನೋಮಾ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ.

ಕಣ್ಣಿನಷ್ಟೇ ಬೆರಳೂ ಮುಖ್ಯ. ಬಿಸಿಲು ಬಿದ್ದ ಚರ್ಮದ ಮೇಲೆ ಬೆರಳ ತುದಿಯನ್ನು ನಿಧಾನವಾಗಿ ಸವರಿದರೆ, ಕಣ್ಣಿಗೆ ಸರಿಯಾಗಿ ಕಾಣದ ಒರಟು ಜಾಗಗಳು ಮರಳುಕಾಗದದಂತೆ ತಗಲುತ್ತವೆ. ಇವು ಆಕ್ಟಿನಿಕ್ ಕೆರಟೋಸಿಸ್, ಅಂದರೆ ಬಿಸಿಲಿನ ಹಾನಿಯಿಂದ ಏಳುವ, ಮುಂದೆ ಕ್ಯಾನ್ಸರ್ ಆಗಬಲ್ಲ ಒರಟು ಕಲೆಗಳು ಆಗಿರಬಹುದು. ಅನುಮಾನ ಬಂದ ಪ್ರತಿಯೊಂದು ಜಾಗದ ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಎರಡು ಚಿತ್ರ ತೆಗೆಯಿರಿ, ಒಂದು ಹತ್ತಿರದಿಂದ, ಇನ್ನೊಂದು ದೇಹದ ಯಾವ ಭಾಗವೆಂದು ತಿಳಿಯುವಷ್ಟು ದೂರದಿಂದ. ದೂರದ ಚಿತ್ರವನ್ನು ಬಹಳ ಜನ ತೆಗೆಯುವುದೇ ಇಲ್ಲ. ಬಯಾಪ್ಸಿಯಾಗಿ ಗಾಯ ಮಾಯ್ದ ಮೇಲೆ ಶಸ್ತ್ರಚಿಕಿತ್ಸೆಗೆ ಹೋದಾಗ, ಗೆಡ್ಡೆ ಇದ್ದದ್ದು ನಿಖರವಾಗಿ ಎಲ್ಲಿ ಎಂದು ತೋರಿಸಲು ಸಹಾಯಕ್ಕೆ ಬರುವುದು ಆ ಚಿತ್ರವೇ.

ಮೂರನೆಯ ಹಂತ: ಏನನ್ನು ನೋಡುತ್ತಿದ್ದೇವೆಂದು ತಿಳಿಯುವುದು

ಚರ್ಮದ ಕ್ಯಾನ್ಸರುಗಳಲ್ಲಿ ಅತಿ ಹೆಚ್ಚಾಗಿ ಕಂಡುಬರುವುದು ಬೇಸಲ್ ಸೆಲ್ ಕಾರ್ಸಿನೋಮಾ. ಇದರ ಬಹುಪಾಲು ತಲೆ ಮತ್ತು ಕತ್ತಿನ ಮೇಲೆಯೇ ಬರುತ್ತದೆ. ಮಾದರಿ ರೂಪದಲ್ಲಿ ಇದು ಮುತ್ತಿನ ಹೊಳಪಿನ ಸಣ್ಣ ಗಂಟು. ಮೇಲೆ ಕೂದಲೆಳೆಯಂಥ ರಕ್ತನಾಳಗಳು ಕವಲೊಡೆದಿರುತ್ತವೆ, ಅಂಚು ಸುರುಳಿ ಸುತ್ತಿದಂತೆ ಉಬ್ಬಿರುತ್ತದೆ, ಕಾಲಕ್ರಮೇಣ ನಡುವೆ ಹುಣ್ಣಾಗುತ್ತದೆ. ಮುಖ ತೊಳೆದು ಒರೆಸಿಕೊಳ್ಳುವಾಗ ಟವೆಲಿಗೆ ಒಂದು ಚುಕ್ಕೆ ರಕ್ತ ಹತ್ತುವುದು, ಹಕ್ಕಳೆ ಕಟ್ಟುವುದು, ವಾಸಿಯಾಯಿತೆಂದುಕೊಳ್ಳುವಷ್ಟರಲ್ಲಿ ಮತ್ತೆ ಒಡೆಯುವುದು, ಈ ಸುತ್ತು ತಿಂಗಳುಗಟ್ಟಲೆ ನಡೆದಿದ್ದರೆ ಇದನ್ನೇ ಮೊದಲು ಯೋಚಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಈ ಗೆಡ್ಡೆ ಕಂದು ಅಥವಾ ನೀಲಿಗಪ್ಪು ಬಣ್ಣದಲ್ಲಿರುವುದೇ ಹೆಚ್ಚು. ಆಗ ಅದು ಸಾದಾ ಮಚ್ಚೆಯಂತೆ ಕಂಡು ಮೋಸವಾಗುತ್ತದೆ. ಇನ್ನೊಂದು ರೂಪದಲ್ಲಿ ಗಂಟೇ ಇರುವುದಿಲ್ಲ: ಗಾಯವೇ ಆಗದ ಜಾಗದಲ್ಲಿ ಬಿಳಿಚಿದ, ಗಟ್ಟಿಯಾದ, ಅಂಚು ತಿಳಿಯದ ಕಲೆ ಮೂಡುತ್ತದೆ. ಕಣ್ಣಿಗೆ ಕಾಣುವುದಕ್ಕಿಂತ ಬಹಳ ಅಗಲಕ್ಕೆ ಒಳಗೊಳಗೇ ಹರಡುವ ಈ ಬಗೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬೇಸಲ್ ಸೆಲ್ ಕಾರ್ಸಿನೋಮಾ ದೇಹದ ಬೇರೆ ಅಂಗಗಳಿಗೆ ಹರಡುವುದು ತೀರ ಅಪರೂಪ, ಆದರೆ ಬಿಟ್ಟರೆ ಮೂಗು, ಕಿವಿ, ರೆಪ್ಪೆಗಳನ್ನು ತಿಂದುಹಾಕುತ್ತದೆ.

ಸ್ಕ್ವೇಮಸ್ ಸೆಲ್ ಕಾರ್ಸಿನೋಮಾದ ಸ್ವಭಾವ ಬೇರೆ. ಇದು ಒರಟಾದ, ಕೊಂಬಿನಂತೆ ಗಟ್ಟಿ ಪದರು ಹೊತ್ತ, ಮುಟ್ಟಿದರೆ ಬುಡ ದಪ್ಪಗಿರುವ ಗಂಟು ಅಥವಾ ಹುಣ್ಣು. ಬೋಳುನೆತ್ತಿ, ಕಿವಿಯ ಅಂಚು, ಹಸ್ತದ ಹಿಂಬದಿ ಮತ್ತು ಕೆಳತುಟಿ ಇದರ ಇಷ್ಟದ ಜಾಗಗಳು. ಬಿಸಿಲಿಗೆ ಹೆಚ್ಚು ಮುಖಮಾಡಿರುವ ಕೆಳತುಟಿಯಲ್ಲಿ ಬರುವ ಗೆಡ್ಡೆ ಬಹುತೇಕ ಇದೇ ಆಗಿರುತ್ತದೆ. ಬೇಸಲ್ ಸೆಲ್ ಗೆಡ್ಡೆ ತುಟಿಯ ಮೇಲೆ ಬಂದರೆ ಸಾಮಾನ್ಯವಾಗಿ ಮೇಲ್ತುಟಿಯನ್ನು ಹಿಡಿಯುತ್ತದೆ. ಆಕ್ಟಿನಿಕ್ ಕೆರಟೋಸಿಸ್‌ನ ಒರಟು ಕಲೆಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗುವುದಿಲ್ಲ, ಕೆಲವು ತಾವಾಗಿ ಮಾಯವೂ ಆಗುತ್ತವೆ. ಆದರೆ ಅವುಗಳಲ್ಲೊಂದು ದಪ್ಪವಾಗತೊಡಗಿದರೆ, ಮುಟ್ಟಿದಾಗ ನೋಯತೊಡಗಿದರೆ, ರಕ್ತ ಜಿನುಗಿದರೆ ಅದು ದಿಕ್ಕು ಬದಲಿಸಿದೆ ಎಂದು ತಿಳಿಯಬೇಕು. ಸ್ಕ್ವೇಮಸ್ ಸೆಲ್ ಗೆಡ್ಡೆ ಕತ್ತಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಬಲ್ಲದು, ಅದರಲ್ಲೂ ತುಟಿ ಮತ್ತು ಕಿವಿಯ ಗೆಡ್ಡೆಗಳು. ಇದೇ ಕೋಶಗಳು ಇನ್ನೂ ಚರ್ಮದ ಮೇಲ್ಪದರದಲ್ಲೇ ಇರುವ ಹಂತಕ್ಕೆ ಬೋವೆನ್ಸ್ ರೋಗ ಎನ್ನುತ್ತಾರೆ. ಮೊಣಕಾಲಿನ ಕೆಳಗೆ ಕೆಂಪಗೆ, ಹೊಟ್ಟು ಏಳುತ್ತ ನಿಧಾನವಾಗಿ ಅಗಲವಾಗುವ ಇದಕ್ಕೆ ಹುಳುಕಡ್ಡಿಯೆಂದೋ ಇಸುಬೆಂದೋ ತಿಂಗಳುಗಟ್ಟಲೆ ಮುಲಾಮು ಹಚ್ಚುವುದುಂಟು. ಇದ್ದಲ್ಲೇ ಇರುವ ಒಂಟಿ ಕಲೆಯೊಂದು ಸರಿಯಾದ ಮುಲಾಮಿಗೂ ಜಗ್ಗದಿದ್ದರೆ ಬಯಾಪ್ಸಿ ಕೇಳುವುದೇ ಸರಿ.

ಕೆಲವೇ ವಾರಗಳಲ್ಲಿ ಭರದಿಂದ ಬೆಳೆದು, ನಡುವೆ ಕುಳಿಬಿದ್ದು ಅದರಲ್ಲಿ ಗಟ್ಟಿ ಬಿರಡೆ ತುಂಬಿಕೊಂಡ ಗುಂಡನೆಯ ಗಂಟು ಕೆರಟೋಅಕಾಂತೋಮಾ ಇರಬಹುದು. ಇದು ತಾನಾಗಿ ಕುಗ್ಗುವುದೂ ಇದೆ, ಆದರೆ ಹೊರನೋಟಕ್ಕೆ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾದಿಂದ ಇದನ್ನು ಖಚಿತವಾಗಿ ಬೇರ್ಪಡಿಸಲಾಗದು. ಕುಗ್ಗಲೆಂದು ಕಾಯುತ್ತ ಕೂರುವುದನ್ನು ನಾನು ಒಪ್ಪುವುದಿಲ್ಲ.

ಮೆಲನೋಮಾ ಎಂದರೆ ಕಪ್ಪಗೆ ಉಬ್ಬಿದ ಮಚ್ಚೆ ಎಂಬ ಕಲ್ಪನೆ ಹಿರಿಯರ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಬಿಸಿಲಿಗೆ ಬಳಲಿದ ಮುಖದ ಮೇಲೆ ಬರುವ ಲೆಂಟಿಗೋ ಮೆಲಿಗ್ನಾ ಎಂಬ ಆರಂಭಿಕ ರೂಪ ಚಪ್ಪಟೆಯಾದ ಕಂದು ಕಲೆ. ಕೆನ್ನೆಯ ಮೇಲಿನ ವಯಸ್ಸಿನ ಕಲೆಗಳ ನಡುವೆ ಅದೂ ಒಂದಾಗಿ ಸೇರಿಕೊಂಡು, ವರ್ಷಗಟ್ಟಲೆ ನಿಧಾನವಾಗಿ ಅಗಲವಾಗುತ್ತದೆ. ಒಂದೇ ಕಲೆಯಲ್ಲಿ ತಿಳಿಕಂದು, ಕಡುಕಂದು, ಬೂದು, ಕಪ್ಪು ಛಾಯೆಗಳು ಬೆರೆತಿರುವುದು, ಅಂಚು ವಕ್ರವಾಗಿರುವುದು ಸುಳಿವು. ಮಚ್ಚೆಯ ಎರಡು ಅರ್ಧಗಳು ಹೊಂದದಿರುವುದು, ಅಂಚಿನ ಅಂಕುಡೊಂಕು, ಬಣ್ಣಗಳ ಬೆರಕೆ, 6 ಮಿ.ಮೀ. ಮೀರಿದ ಅಗಲ, ಕಾಲದೊಂದಿಗೆ ಬದಲಾವಣೆ ಎಂಬ ಐದು ಲಕ್ಷಣಗಳನ್ನು ವೈದ್ಯರು ನೋಡುತ್ತಾರೆ. ಇವುಗಳಲ್ಲಿ ಬದಲಾವಣೆಯೇ ಅತಿ ಮುಖ್ಯವೆಂದು ನನ್ನ ಅಭಿಪ್ರಾಯ. ಗಂಟಿನ ರೂಪದ ಮೆಲನೋಮಾ ಮೊದಲ ನಾಲ್ಕೂ ಲಕ್ಷಣಗಳಿಲ್ಲದೆ, ಕೆಲವೊಮ್ಮೆ ಕಪ್ಪು ಬಣ್ಣವೂ ಇಲ್ಲದೆ, ಬರೀ ಉಬ್ಬಿದ, ಗಟ್ಟಿಯಾದ, ಬೆಳೆಯುತ್ತಿರುವ ಗುಲಾಬಿ ಗಂಟಾಗಿ ಬರುತ್ತದೆ.

ಅಪರೂಪವಾದರೂ ಹೇಳದೆ ಬಿಡಲಾಗದವು ಇನ್ನೆರಡಿವೆ. ಮರ್ಕೆಲ್ ಸೆಲ್ ಕಾರ್ಸಿನೋಮಾ ಕೆಂಪು ಅಥವಾ ನೇರಳೆ ಬಣ್ಣದ, ನೋವಿಲ್ಲದ, ಮೂರು ತಿಂಗಳೊಳಗೆ ಭರದಿಂದ ಬೆಳೆಯುವ ಗಂಟು. ಬಿಸಿಲಿನ ಜೊತೆಗೆ 2008ರಲ್ಲಿ ಪತ್ತೆಯಾದ ಒಂದು ವೈರಸ್ಸಿಗೂ ಇದರೊಂದಿಗೆ ನಂಟಿದೆ. ನೋವಿಲ್ಲದ್ದರಿಂದ ಇದನ್ನು ಕೊಬ್ಬಿನ ಗಂಟೆಂದು ತಳ್ಳಿಹಾಕುವುದುಂಟು. ಎರಡನೆಯದು ಆಂಜಿಯೋಸಾರ್ಕೋಮಾ, ಅಂದರೆ ರಕ್ತನಾಳಗಳ ಕ್ಯಾನ್ಸರ್. ಏಟು ಬಿದ್ದ ನೆನಪಿಲ್ಲದ ಹಿರಿಯರ ನೆತ್ತಿ ಅಥವಾ ಹಣೆಯ ಮೇಲೆ ರಕ್ತ ಹೆಪ್ಪುಗಟ್ಟಿದಂಥ ಕಲೆ ಕಾಣಿಸಿ, ವಾರಗಳಾದರೂ ಮಾಸದೆ ಅಗಲವಾಗುತ್ತ ಹೋದರೆ ಇದನ್ನು ಯೋಚಿಸಬೇಕು.

ಭಯ ಹುಟ್ಟಿಸುವ ನಿರಪಾಯದ ಗಂಟುಗಳೂ ಇವೆ. ಮೇಣ ಅಂಟಿಸಿದಂತೆ ಕಾಣುವ ಕಂದು, ಕಪ್ಪು ಸೆಬೊರಿಕ್ ಕೆರಟೋಸಿಸ್ ಹಿರಿಯರ ಬೆನ್ನಿನ ಮೇಲೆ ಹತ್ತಾರು ಇರಬಹುದು. ಹಣೆ, ಕೆನ್ನೆಗಳಲ್ಲಿ ನಡುವೆ ಸಣ್ಣ ತಗ್ಗಿರುವ ಹಳದಿ ಗುಳ್ಳೆಗಳು ಹಿಗ್ಗಿದ ಎಣ್ಣೆಗ್ರಂಥಿಗಳು. ಮಲಗುವ ಮಗ್ಗುಲಿನ ಕಿವಿಯ ಅಂಚಿನಲ್ಲಿ, ಒತ್ತಿದರೆ ಬಹಳ ನೋಯುವ ಗಂಟು ಮೃದ್ವಸ್ಥಿಯ ಉರಿಯೂತವಿರಬಹುದು. ಕನ್ನಡಕದ ಚೌಕಟ್ಟು ಒತ್ತುವಲ್ಲಿ, ಮೂಗಿನ ಬದಿ ಅಥವಾ ಕಿವಿಯ ಹಿಂದೆ, ಬೇಸಲ್ ಸೆಲ್ ಗೆಡ್ಡೆಯನ್ನೇ ಹೋಲುವ ಉಬ್ಬು ಏಳುತ್ತದೆ. ಚೌಕಟ್ಟನ್ನು ಸರಿಪಡಿಸಿದರೆ ಅದು ಇಳಿಯುತ್ತದೆ. ಇಳಿಯದಿದ್ದರೆ ಬಯಾಪ್ಸಿಯೇ ಗತಿ.

ಯಾವಾಗ ಹೋಗಬೇಕು

ನಾಲ್ಕು ವಾರಗಳಲ್ಲಿ ವಾಸಿಯಾಗದ ಯಾವ ಹುಣ್ಣನ್ನಾಗಲಿ, ಬೆಳೆಯುತ್ತಿರುವ ಅಥವಾ ಕಾರಣವಿಲ್ಲದೆ ರಕ್ತ ಸುರಿಸುವ ಯಾವ ಗಂಟನ್ನಾಗಲಿ ಚರ್ಮರೋಗ ತಜ್ಞರಿಗೆ ತೋರಿಸಬೇಕು. ವಾರವಾರಕ್ಕೂ ದೊಡ್ಡದಾಗುತ್ತಿದ್ದರೆ, ಕತ್ತಿನಲ್ಲಿ ಗಂಟು ಕೈಗೆ ಸಿಗುತ್ತಿದ್ದರೆ, ಮುಖದ ಒಂದು ಭಾಗ ಜೋಮು ಹಿಡಿದಿದ್ದರೆ ನಾಲ್ಕು ವಾರವೂ ಕಾಯಬಾರದು.

ನಾಲ್ಕನೆಯ ಹಂತ: ತಜ್ಞರ ಪರೀಕ್ಷೆ

ತೋರಿಸಿದ ಒಂದು ಗಂಟನ್ನಷ್ಟೇ ನೋಡಿ ಕಳಿಸಿದರೆ ಪರೀಕ್ಷೆ ಪೂರ್ತಿಯಾಗಲಿಲ್ಲ. ಬಿಸಿಲಿನಿಂದ ಒಂದು ಗೆಡ್ಡೆ ಬಂದವರಲ್ಲಿ ಎರಡನೆಯದು ಬೇರೆಲ್ಲೋ ಇರುವ ಸಾಧ್ಯತೆ ಸಾಕಷ್ಟಿರುವುದರಿಂದ ಇಡೀ ಮೈಯ ಚರ್ಮವನ್ನು ನೋಡುವಂತೆ ಸಂಕೋಚವಿಲ್ಲದೆ ಕೇಳಿಕೊಳ್ಳಿ. ವೈದ್ಯರು ಸಾಮಾನ್ಯವಾಗಿ ಡರ್ಮೋಸ್ಕೋಪ್ ಬಳಸುತ್ತಾರೆ. ಸುಮಾರು ಹತ್ತು ಪಟ್ಟು ಹಿಗ್ಗಿಸಿ, ಚರ್ಮದ ಮೇಲ್ಮೈಯ ಹೊಳಪನ್ನು ನಿವಾರಿಸಿ, ಕೆಳಗಿನ ಪದರಗಳ ಬಣ್ಣ ಮತ್ತು ರಕ್ತನಾಳಗಳನ್ನು ತೋರಿಸುವ ಕೈ ಉಪಕರಣವಿದು, ನೋವಿಲ್ಲ. ಮರದ ಕೊಂಬೆಗಳಂತೆ ಕವಲೊಡೆದ ರಕ್ತನಾಳಗಳು ಮತ್ತು ನೀಲಿಬೂದು ಗುಡ್ಡೆಗಳು ಬೇಸಲ್ ಸೆಲ್ ಗೆಡ್ಡೆಯತ್ತ ಬೆರಳು ಮಾಡಿದರೆ, ಸಣ್ಣ ಬಿಳಿ ಹರಳುಚುಕ್ಕೆಗಳು ಮತ್ತು ಕಪ್ಪು ರಂಧ್ರಗಳು ಸೆಬೊರಿಕ್ ಕೆರಟೋಸಿಸ್ ಎಂಬ ಸಮಾಧಾನ ಕೊಡುತ್ತವೆ. ಅನಾವಶ್ಯಕ ಬಯಾಪ್ಸಿಗಳು ಕಡಿಮೆಯಾಗುವುದು ಈ ಉಪಕರಣದ ದೊಡ್ಡ ಲಾಭ. ಕೊನೆಗೆ ಕಿವಿಯ ಮುಂದೆ, ದವಡೆಯ ಕೆಳಗೆ, ಕತ್ತಿನಲ್ಲಿ, ಅಗತ್ಯವಿದ್ದರೆ ಕಂಕುಳು ಮತ್ತು ತೊಡೆಸಂದಿನಲ್ಲಿ ದುಗ್ಧಗ್ರಂಥಿಗಳನ್ನು ಮುಟ್ಟಿ ನೋಡುತ್ತಾರೆ.

ಐದನೆಯ ಹಂತ: ಬಯಾಪ್ಸಿ

ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆ ಬಹಳ ಮನೆಗಳಲ್ಲಿದೆ. ಚರ್ಮದ ಗೆಡ್ಡೆಗಳ ವಿಷಯದಲ್ಲಿ ಆ ಹೆದರಿಕೆಗೆ ಆಧಾರವಿಲ್ಲ. ಬಯಾಪ್ಸಿ ತಡವಾಗುವುದರಿಂದ ಆಗುವ ಹಾನಿಯಂತೂ ನಿಜ. ಸೂಜಿಯ ಮೂಲಕ ಅಷ್ಟು ಜಾಗಕ್ಕೆ ಮಾತ್ರ ಅರಿವಳಿಕೆ ಕೊಡುತ್ತಾರೆ, ಒಂದೆರಡು ಕ್ಷಣ ಚುರುಗುಟ್ಟುತ್ತದೆ, ಆಮೇಲೆ ಒತ್ತಿದ ಅನುಭವವಷ್ಟೇ. ಉಬ್ಬಿದ ಗೆಡ್ಡೆಯಾದರೆ ಬ್ಲೇಡಿನಿಂದ ಮೇಲ್ಭಾಗವನ್ನು ಹೆರೆದು ತೆಗೆಯಬಹುದು. ಆಳದವರೆಗಿನ ಅಂಗಾಂಶ ಬೇಕಾದರೆ 3 ಅಥವಾ 4 ಮಿ.ಮೀ. ಅಗಲದ ಪಂಚ್ ಉಪಕರಣದಿಂದ ಒಂದು ಸಣ್ಣ ಉರುಳೆಯನ್ನು ತೆಗೆದು ಒಂದೆರಡು ಹೊಲಿಗೆ ಹಾಕುತ್ತಾರೆ. ಮೆಲನೋಮಾದ ಅನುಮಾನವಿದ್ದಾಗ ಸಾಧ್ಯವಾದಷ್ಟು ಮಟ್ಟಿಗೆ ಇಡೀ ಮಚ್ಚೆಯನ್ನು 1ರಿಂದ 3 ಮಿ.ಮೀ. ಅಂಚಿನೊಂದಿಗೆ ಕತ್ತರಿಸಿ ತೆಗೆಯುವುದು ಒಳ್ಳೆಯದು, ಏಕೆಂದರೆ ಅದರ ದಪ್ಪವೇ ಮುಂದಿನ ಚಿಕಿತ್ಸೆಯನ್ನು ನಿರ್ಧರಿಸುತ್ತದೆ. ಮೇಲ್ಮೇಲೆ ಹೆರೆದರೆ ಆ ಅಳತೆ ಕೈತಪ್ಪುತ್ತದೆ. ಮುಖದ ಮೇಲಿನ ಅಗಲವಾದ ಲೆಂಟಿಗೋ ಮೆಲಿಗ್ನಾವನ್ನು ಹೀಗೆ ತೆಗೆಯಲಾಗದಿದ್ದಾಗ ಡರ್ಮೋಸ್ಕೋಪ್ ನೋಡಿ ಆಯ್ದ ಎರಡು ಮೂರು ಜಾಗಗಳಿಂದ ಮಾದರಿ ತೆಗೆಯಬೇಕಾಗುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಚರ್ಮದ ಬಯಾಪ್ಸಿಗಾಗಿ ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯವಿಲ್ಲ. ಪಾರ್ಶ್ವವಾಯು ಅಥವಾ ಹೃದಯಾಘಾತದ ಅಪಾಯ ಎರಡು ಹನಿ ರಕ್ತಕ್ಕಿಂತ ದೊಡ್ಡದು. ಆ ಮಾತ್ರೆಯ ಬಗ್ಗೆ, ಪೇಸ್‌ಮೇಕರ್ ಇದ್ದರೆ ಅದರ ಬಗ್ಗೆ, ಮುಂಚಿತವಾಗಿ ತಿಳಿಸಿ. ತೆಗೆದ ತುಂಡು ಫಾರ್ಮಲಿನ್ ಇರುವ ಡಬ್ಬಿಗೆ ಹೋಗುತ್ತದೆ. ಡಬ್ಬಿಯ ಮೇಲೆ ಹೆಸರು, ದೇಹದ ಯಾವ ಭಾಗ, ಎಡವೋ ಬಲವೋ ಎಂಬುದು ಸರಿಯಾಗಿ ಬರೆದಿದೆಯೇ ಎಂದು ಜೊತೆಗಿದ್ದವರು ಒಮ್ಮೆ ನೋಡಿಕೊಳ್ಳುವುದು ತಪ್ಪಲ್ಲ, ಎರಡು ಮೂರು ಜಾಗದಿಂದ ಮಾದರಿ ತೆಗೆದಾಗಲಂತೂ ನೋಡಲೇಬೇಕು.

ಆರನೆಯ ಹಂತ: ವರದಿಯನ್ನು ಓದುವುದು

ವರದಿ ಬಂದಾಗ "ಕ್ಯಾನ್ಸರ್ ಇದೆಯೋ ಇಲ್ಲವೋ" ಎಂಬಲ್ಲಿಗೇ ನಿಲ್ಲಬಾರದು. ಬೇಸಲ್ ಸೆಲ್ ಗೆಡ್ಡೆಯಾದರೆ ಅದು ಗಂಟಿನ ಬಗೆಯೋ, ಮೇಲ್ಪದರದ್ದೋ, ಒಳಗೊಳಗೆ ಹರಡುವ ಬಗೆಯೋ ಎಂದು ಕೇಳಿ. ಸ್ಕ್ವೇಮಸ್ ಸೆಲ್ ಗೆಡ್ಡೆಯಾದರೆ ಕೋಶಗಳು ಎಷ್ಟು ವಿಕಾರಗೊಂಡಿವೆ, ಆಳ ಎಷ್ಟು, ನರಗಳ ಸುತ್ತ ಹರಡಿದೆಯೇ ಎಂಬುದು ಮುಖ್ಯ; 2 ಸೆಂ.ಮೀ. ಮೀರಿದ ಅಗಲ, 6 ಮಿ.ಮೀ. ಮೀರಿದ ಆಳ ಹೆಚ್ಚಿನ ಅಪಾಯದ ಗುರುತುಗಳು. ಮೆಲನೋಮಾದಲ್ಲಿ ಬ್ರೆಸ್ಲೋ ದಪ್ಪ ಎಂಬ ಅಂಕಿಯಿರುತ್ತದೆ, ಗೆಡ್ಡೆ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಅಳತೆಯದು. ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ವಿವರಿಸಿದ ಈ ಅಳತೆ ಇಂದಿಗೂ ರೋಗದ ಮುನ್ನೋಟ ಹೇಳುವುದರಲ್ಲಿ ಮುಂದಿದೆ. ಅದು 1 ಮಿ.ಮೀ. ಮೀರಿದ್ದರೆ ಗೆಡ್ಡೆಯ ಕೋಶಗಳು ಮೊದಲು ತಲುಪುವ ದುಗ್ಧಗ್ರಂಥಿಯ ಬಯಾಪ್ಸಿಯ ಬಗ್ಗೆ ಚರ್ಚೆ ನಡೆಯುತ್ತದೆ, ಹುಣ್ಣಾಗಿದ್ದರೆ ಅದಕ್ಕಿಂತ ತೆಳುವಾಗಿದ್ದಾಗಲೂ ನಡೆಯಬಹುದು. ಕೋಶಗಳ ಮೂಲ ಸ್ಪಷ್ಟವಾಗದಿದ್ದಾಗ ಪ್ಯಾಥಾಲಜಿ ತಜ್ಞರು ವಿಶೇಷ ಬಣ್ಣಗಳ ಪರೀಕ್ಷೆ ಮಾಡುತ್ತಾರೆ, ಇದಕ್ಕೆ ಕೆಲವು ದಿನ ಹೆಚ್ಚು ಬೇಕಾಗುತ್ತದೆ.

ಕಣ್ಣಿಗೆ ಕಂಡದ್ದಕ್ಕೂ ವರದಿಗೂ ತಾಳೆಯಾಗದಿದ್ದರೆ ಸುಮ್ಮನಿರಬಾರದು. ಬೆಳೆಯುತ್ತಿರುವ ಗಂಟಿನ ವರದಿಯಲ್ಲಿ ಬರೀ ಉರಿಯೂತ ಅಥವಾ ಆಕ್ಟಿನಿಕ್ ಕೆರಟೋಸಿಸ್ ಎಂದಿದ್ದರೆ ಮಾದರಿ ಮೇಲ್ಪದರದಿಂದಷ್ಟೇ ಬಂದಿರಬಹುದು. ಇನ್ನೂ ಆಳದ ಬಯಾಪ್ಸಿಯನ್ನು ಕೇಳುವ ಹಕ್ಕು ನಿಮಗಿದೆ.

ಮುಂದಿನ ಪರೀಕ್ಷೆಗಳು, ಮತ್ತು ವಯಸ್ಸಿನ ಪ್ರಶ್ನೆ

ಸಣ್ಣ ಬೇಸಲ್ ಸೆಲ್ ಗೆಡ್ಡೆಗೆ ಸ್ಕ್ಯಾನ್‌ಗಳ ಅಗತ್ಯವಿಲ್ಲ. ಗ್ರಂಥಿ ದಪ್ಪವಾಗಿದ್ದರೆ ಅಲ್ಟ್ರಾಸೌಂಡ್ ಮತ್ತು ಸೂಜಿ ಪರೀಕ್ಷೆ, ಮೂಳೆಗೆ ಇಳಿದ ಅನುಮಾನವಿದ್ದರೆ ಸಿ.ಟಿ., ನರದ ಗುಂಟ ಹರಡಿದ್ದರೆ ಎಂ.ಆರ್.ಐ. ಮಾಡಿಸುತ್ತಾರೆ.

"ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ" ಎಂಬ ಮಾತನ್ನು ಹಿರಿಯರ ಎದುರಿಗೇ ಆಡುವವರಿದ್ದಾರೆ, ಮತ್ತು ಅದು ನನಗೆ ನೋವು ಕೊಡುತ್ತದೆ. ವಯಸ್ಸು ಒಂದೇ ಕಾರಣವಾಗಿ ನಿರ್ಣಯವನ್ನು ಕೈಬಿಡುವಂತಿಲ್ಲ. ರಕ್ತ ಸೋರುವ, ವಾಸನೆ ಬರುವ ಹುಣ್ಣನ್ನು ಕೊನೆಯ ವರ್ಷಗಳಲ್ಲಿ ಮುಖದ ಮೇಲೆ ಹೊತ್ತು ತಿರುಗುವ ಸಂಕಟ ಸಣ್ಣದಲ್ಲ. ಅದೇ ಹೊತ್ತಿಗೆ, ಬೇರೆ ಗಂಭೀರ ಕಾಯಿಲೆಯಿಂದ ತೀರ ನಿತ್ರಾಣರಾದವರಲ್ಲಿ, ತೊಂದರೆ ಕೊಡದ, ನಿಧಾನವಾಗಿ ಬೆಳೆಯುವ ಸಣ್ಣ ಬೇಸಲ್ ಸೆಲ್ ಗೆಡ್ಡೆಯನ್ನು ಅಳೆದು, ಚಿತ್ರ ತೆಗೆದು, ಗಮನಿಸುತ್ತಿರುವುದೂ ವಿವೇಕದ ದಾರಿಯೇ. ಭರದಿಂದ ಬೆಳೆಯುವ ಗೆಡ್ಡೆಗೆ ಮಾತ್ರ ಈ ವಿನಾಯಿತಿ ಸಲ್ಲದು. ಆಯ್ಕೆ ಯಾವುದಾದರೂ ಹಿರಿಯರನ್ನೇ ಕೇಳಿ ಮಾಡಬೇಕು. ಮರೆವಿನ ಕಾಯಿಲೆಯಿದ್ದರೂ ಅವರ ಮುಖ ನೋಡಿ, ಸರಳ ಮಾತಿನಲ್ಲಿ ವಿವರಿಸಿ, ಅವರ ಇಷ್ಟ ತಿಳಿಯಲು ಪ್ರಯತ್ನಿಸಬೇಕು.

ಒಮ್ಮೆ ಚರ್ಮದ ಕ್ಯಾನ್ಸರ್ ಬಂದವರು ವರ್ಷಕ್ಕೊಮ್ಮೆಯಾದರೂ ಪೂರ್ತಿ ಚರ್ಮದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೆಲನೋಮಾ, ಮರ್ಕೆಲ್ ಸೆಲ್ ಅಥವಾ ಹೆಚ್ಚಿನ ಅಪಾಯದ ಸ್ಕ್ವೇಮಸ್ ಸೆಲ್ ಗೆಡ್ಡೆ ಬಂದವರಿಗೆ, ಕಸಿಯಾದವರಿಗೆ, ಮೊದಲ ಕೆಲವು ವರ್ಷ ಈ ಅಂತರ ಕೆಲವೇ ತಿಂಗಳು. ಪ್ರತಿ ಸಲವೂ ಹಳೆಯ ವರದಿ ಮತ್ತು ಆ ಎರಡು ಚಿತ್ರಗಳನ್ನು ಜೊತೆಗೆ ಒಯ್ಯಿರಿ; ಹಳೆಯ ಗಾಯದ ಕಲೆಯ ಅಂಚಿನಲ್ಲಿ ಹೊಸ ಗಂಟೆದ್ದರೆ ಅದು ಮರುಕಳಿಸಿದ್ದೋ ಹೊಸದೋ ಎಂದು ವೈದ್ಯರು ತೀರ್ಮಾನಿಸುವುದು ಅವುಗಳನ್ನು ನೋಡಿಯೇ.